ಅತಿತೆಳು ಮ್ಯಾಂಗನೈಟ್ ಪದರದಲ್ಲಿ ಕಾಂತತೆ ಏಕೆ ಕುಗ್ಗುತ್ತದೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ):
ಶೇಕಡಾ 30ರಷ್ಟು ಸ್ಟ್ರಾನ್ಷಿಯಂ ಬೆರೆತ ಲ್ಯಾಂಥನಮ್ ಮ್ಯಾಂಗನೈಟ್ (ಮ್ಯಾಂಗನೀಸಿನ ಒಂದು ಆಕ್ಸೈಡ್) ದಪ್ಪ ತುಂಡಾಗಿರುವಾಗ ಸುಮಾರು 370 ಕೆಲ್ವಿನ್‌ವರೆಗೆ, ಎಂದರೆ ಮಂಗಳೂರಿನ ಮೇ ತಿಂಗಳ ಸೆಕೆಗಿಂತ ಬಹಳ ಮೇಲಿನ ತಾಪದವರೆಗೂ, ಫೆರೋಕಾಂತವಾಗಿಯೇ (ಕಬ್ಬಿಣದಂತೆ ಕಾಂತವಾಗಿಯೇ) ಉಳಿಯುತ್ತದೆ. ಅದನ್ನೇ ಸ್ಟ್ರಾನ್ಷಿಯಂ ಟೈಟನೇಟ್ ಹರಳಿನ ಮೇಲೆ ಕೆಲವೇ ಯೂನಿಟ್ ಸೆಲ್ (ಹರಳಿನಲ್ಲಿ ಮರುಕಳಿಸುವ ಅತಿಸಣ್ಣ ಘಟಕ) ದಪ್ಪಕ್ಕೆ ಬೆಳೆಸಿದರೆ ಕ್ಯೂರಿ ತಾಪ (ಫೆರೋಕಾಂತತೆ ಅಳಿಯುವ ತಾಪ) ತೀವ್ರವಾಗಿ ಇಳಿದು, ಲೋಹದಂತಹ ವಿದ್ಯುತ್ ವಹನವೂ ಇಲ್ಲವಾಗುತ್ತದೆ. ಮೇಲೆ ಕೆಳಗೆ ನೆರೆಯ ಅಯಾನುಗಳಿಲ್ಲದಿರುವುದಷ್ಟೇ ಇದಕ್ಕೆ ಕಾರಣವೇ?

ಉತ್ತರ 1 (ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್):
ಅದೊಂದೇ ಅಲ್ಲ. 1951ರಲ್ಲಿ ಭೌತವಿಜ್ಞಾನಿ ಜೀನರ್ ವಿವರಿಸಿದಂತೆ, ಇಲ್ಲಿ ಎಲೆಕ್ಟ್ರಾನು ಒಂದು ಮ್ಯಾಂಗನೀಸಿನಿಂದ ನಡುವಿನ ಆಮ್ಲಜನಕದ ಮೂಲಕ ಇನ್ನೊಂದಕ್ಕೆ ಜಿಗಿಯುವುದರಿಂದಲೇ ಸ್ಪಿನ್ನುಗಳು (ಪುಟ್ಟ ಕಾಂತಗಳಂತೆ ವರ್ತಿಸುವ ಎಲೆಕ್ಟ್ರಾನಿನ ಗುಣ) ಒಂದೇ ದಿಕ್ಕಿಗೆ ನಿಲ್ಲುತ್ತವೆ. ಆದ್ದರಿಂದ ಆ ಜಿಗಿತಕ್ಕೆ ಅಡ್ಡಿಯಾಗುವುದೆಲ್ಲವೂ ಕಾಂತತೆಗೂ ಅಡ್ಡಿಯೇ. ಟೈಟನೇಟಿನ ಜಾಲಕ (ಪರಮಾಣುಗಳ ಜೋಡಣೆ; ಒಂದು ಸೆಲ್ಲಿನ ಅಗಲ 3.905 ಆಂಗ್‌ಸ್ಟ್ರಾಂ) ಮ್ಯಾಂಗನೈಟಿನದಕ್ಕಿಂತ ತುಸು ದೊಡ್ಡದಾದ್ದರಿಂದ ಪದರ ಅಡ್ಡಲಾಗಿ ಹಿಗ್ಗುತ್ತದೆ, ಮ್ಯಾಂಗನೀಸನ್ನು ಸುತ್ತುವರಿದ ಆಮ್ಲಜನಕದ ಅಷ್ಟಮುಖಿಗಳ ವಾಲುವಿಕೆ ಬದಲಾಗುತ್ತದೆ. ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಕಕ್ಷಕಗಳ (ಪರಮಾಣುವಿನಲ್ಲಿ ಎಲೆಕ್ಟ್ರಾನು ಇರುವ ಪ್ರದೇಶಗಳ) ವಿಷಯ: ಇಂಟರ್‌ಫೇಸಿನಲ್ಲಿ (ಎರಡು ವಸ್ತುಗಳು ಕೂಡುವ ಗಡಿಯಲ್ಲಿ) ಎಲೆಕ್ಟ್ರಾನುಗಳು ಪದರಕ್ಕೆ ಲಂಬವಾದ ಕಕ್ಷಕಕ್ಕೆ ಒಲಿಯುವುದರಿಂದ ಸಮತಲದೊಳಗಿನ ಜಿಗಿತ ಕ್ಷೀಣಿಸುತ್ತದೆ, ಮತ್ತು ಅಲ್ಲಿನ ಒಂದೆರಡು ಸಾಲು ಸೆಲ್ಲುಗಳು ಪ್ರತಿಫೆರೋಕಾಂತತೆಯತ್ತ (ನೆರೆಯ ಸ್ಪಿನ್ನುಗಳು ಎದುರು ದಿಕ್ಕಿಗೆ ನಿಂತು ಒಂದನ್ನೊಂದು ರದ್ದುಮಾಡುವ ಸ್ಥಿತಿಯತ್ತ) ವಾಲುತ್ತವೆ. ಫೆರೋಕಾಂತತೆಯೂ ವಹನವೂ ಇಲ್ಲದ ‘ಡೆಡ್ ಲೇಯರ್’ ಎನ್ನುವ ಪದರದ ಒಂದು ಮುಖ್ಯ ಮೂಲ ಇದು. ಆಮ್ಲಜನಕದ ಕೊರತೆಯಿದ್ದರೆ ಅದು ಇನ್ನಷ್ಟು ದಪ್ಪವಾಗುತ್ತದೆ.

ಉತ್ತರ 2 (ಅಧ್ಯಾಪಕಿ, ಮಣಿಪಾಲ):
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ತೆಳುವಾದರೆ ಕಾಂತತೆ ಕುಗ್ಗಲೇಬೇಕೆಂಬ ನಿಯಮವಿಲ್ಲ. ಸ್ಟ್ರಾನ್ಷಿಯಂ ಬೆರೆಸದ ಲ್ಯಾಂಥನಮ್ ಮ್ಯಾಂಗನೈಟ್ ದಪ್ಪ ತುಂಡಿನ ರೂಪದಲ್ಲಿ ಸುಮಾರು 140 ಕೆಲ್ವಿನ್ ಕೆಳಗೆ ಪ್ರತಿಫೆರೋಕಾಂತ. ಅದೇ ಟೈಟನೇಟಿನ ಮೇಲೆ 5 ಯೂನಿಟ್ ಸೆಲ್‌ವರೆಗೆ ಸುಮ್ಮನಿದ್ದು, 6ನೆಯದು ಕೂಡಿದೊಡನೆ ಫೆರೋಕಾಂತವಾಗುವುದನ್ನು 2015ರಲ್ಲಿ ಸ್ಕ್ಯಾನಿಂಗ್ ಸ್ಕ್ವಿಡ್ (ಅತಿಕ್ಷೀಣ ಕಾಂತಕ್ಷೇತ್ರವನ್ನು ಅಳೆಯುವ ಸಾಧನ) ಚಿತ್ರಗಳು ತೋರಿಸಿದವು. ವಿದ್ಯುದಾವೇಶವುಳ್ಳ ಪರಮಾಣು ತಳಗಳು ಒಂದರ ಮೇಲೊಂದು ಕೂಡಿದಂತೆ ಒಳಗಿನ ವಿಭವ ಏರಿ, ಎಲೆಕ್ಟ್ರಾನುಗಳು ಮೇಲ್ಮೈಯಿಂದ ಇಂಟರ್‌ಫೇಸಿನತ್ತ ಸರಿಯುತ್ತವೆ ಎಂಬುದು ಅದನ್ನು ಕಂಡವರು ಕೊಟ್ಟ ವಿವರಣೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಮೇಡಂ. ಇಷ್ಟು ಕ್ಷೀಣವಾದ ಸಂಕೇತವನ್ನು ನಂಬುವುದು ಹೇಗೆ?

ಉತ್ತರ 2:
ಪದರಕ್ಕೆ ಆಧಾರವಾದ ಅರ್ಧ ಮಿಲಿಮೀಟರ್ ದಪ್ಪದ ಸಬ್‌ಸ್ಟ್ರೇಟ್ 4 ನ್ಯಾನೋಮೀಟರ್ ಪದರದ ಲಕ್ಷ ಪಟ್ಟಿಗೂ ಮಿಕ್ಕಿದ್ದು, ಅದರ ಸಂಕೇತ ಪದರದ್ದನ್ನು ಮುಚ್ಚಿಬಿಡಬಲ್ಲದು; ಆದ್ದರಿಂದ ಪದರವಿಲ್ಲದ ಸಬ್‌ಸ್ಟ್ರೇಟನ್ನೂ ಅದೇ ವಿಧಾನದಲ್ಲಿ ಅಳೆದು ಕಳೆಯಲೇಬೇಕು. ಸ್ಟೀಲ್ ಚಿಮಟದ ಸವೆದ ಕಣವೊಂದೇ ಸುಳ್ಳು ಫೆರೋಕಾಂತತೆಯನ್ನು ತೋರಿಸಬಲ್ಲದು. ಪ್ಲಾಸ್ಟಿಕ್ ಚಿಮಟವನ್ನೇ ಬಳಸಿರಿ.