ಅಡಲ್ಟ್ಸ್ ಓನ್ಲಿ ಅಂದ್ರೆ ಗಾಬರಿ ಬೀಳ್ಬೇಡ ಅಕ್ಕಾ

ಅಕ್ಕಾ, ಟೈಪ್ ಮಾಡಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಉದ್ದ ಆಗತ್ತೆ, ಕೆಲಸ ಮುಗಿಸ್ಕೊಂಡು ಆರಾಮಾಗಿ ಕೇಳು. ಪುಟ್ಟು ನಿಮ್ಮ ಮೂವತ್ತನೇ ವಾರ್ಷಿಕೋತ್ಸವಕ್ಕೆ ಮೆಕ್ಸಿಕೊದ ಕ್ಯಾನ್‌ಕೂನ್‌ಗೆ ಕಳಿಸ್ತೀನಿ ಅಂತ ನಮ್ಮ ಗ್ರೂಪಲ್ಲಿ ಒಂದು ಆಲ್ ಇನ್‌ಕ್ಲೂಸಿವ್, ಅಂದ್ರೆ ಊಟ, ಕುಡಿಯೋದು ಎಲ್ಲ ಸೇರಿ ಒಂದೇ ದುಡ್ಡಿನ ರೆಸಾರ್ಟ್ ಫೋಟೋ ಹಾಕಿದ್ನಲ್ಲ, ಅದರ ಕೆಳಗೆ 'ಅಡಲ್ಟ್ಸ್ ಓನ್ಲಿ' ಅಂತ ಓದಿ ಭಾವ ಬಾಯಿ ಮುಚ್ಕೊಂಡಿರೋ ಆ ಇಮೋಜಿ ಹಾಕಿದ್ರು. ನೀನು 'ನಾವು ಕುಡಿಯಲ್ಲ, ಮಾಂಸ ಮುಟ್ಟಲ್ಲ, ದುಡ್ಡು ದಂಡ ಅಲ್ವೇನೇ' ಅಂತ ಕೇಳ್ದೆ. ನಾನೂ ನಮ್ಮನೇವ್ರೂ ನ್ಯೂಜೆರ್ಸಿ ಚಳಿ ತಡೀಲಾರದೆ ಆ ಕಡೆಗೆ ಆಗಾಗ ಹೋಗ್ತಿರ್ತೀವಿ, ನಮ್ಮತ್ತೇನೂ ಒಂದ್ಸಲ ಕರ್ಕೊಂಡು ಹೋಗಿದ್ವಿ. ಅದಕ್ಕೇ ಹೇಳ್ತಿದೀನಿ.

ಮೊದಲು ಭಾವನ ಅನುಮಾನ. ಅಡಲ್ಟ್ಸ್ ಓನ್ಲಿ ಅಂದ್ರೆ ಚಿಕ್ಕಮಕ್ಕಳಿಗೆ ಪ್ರವೇಶ ಇಲ್ಲ, ಅಷ್ಟೇ. ಹೆಚ್ಚಿನ ಕಡೆ ಹದಿನೆಂಟು ತುಂಬಿರ್ಬೇಕು, ಕೆಲವು ಕಡೆ ಹದಿನಾರು, ಕೆಲವು ಕಡೆ ಇಪ್ಪತ್ತೊಂದು. ಈಜುಕೊಳದಲ್ಲಿ ಯಾರೂ ಧುಮುಕಿ ನಿನ್ನ ಮುಖಕ್ಕೆ ನೀರು ಎರಚಲ್ಲ, ಊಟದ ಹಾಲಲ್ಲಿ ಯಾರೂ ಐಪ್ಯಾಡ್ ಜೋರಾಗಿ ಹಾಕ್ಕೊಂಡು ಕೂತಿರಲ್ಲ. ಆದ್ರೆ ಅಕ್ಕಾ, ಭಾವನ ಇಮೋಜಿಗೂ ಸ್ವಲ್ಪ ಆಧಾರ ಇದೆ. ಅದೇ ಕರಾವಳೀಲಿ 'ಕ್ಲೋದಿಂಗ್ ಆಪ್ಷನಲ್' ಅನ್ನೋ ಜಾಗಗಳೂ ಇವೆ, ಬಟ್ಟೆ ಹಾಕ್ಕೊಂಡ್ರೂ ಸರಿ, ಬಿಟ್ರೂ ಸರಿ ಅನ್ನೋವು. 'ಟಾಪ್‌ಲೆಸ್ ಆಪ್ಷನಲ್' ಅನ್ನೋವೂ ಇವೆ. ಅವರೇನು ಮುಚ್ಚಿಡಲ್ಲ, ವೆಬ್‌ಸೈಟಲ್ಲಿ ದೊಡ್ಡದಾಗೇ ಬರ್ದಿರ್ತಾರೆ. ಪುಟ್ಟುಗೆ ಆ ಎರಡು ಪದ ಇದೆಯಾ ಅಂತ ನೋಡೋಕೆ ಹೇಳು, ಇಲ್ದಿದ್ರೆ ನಿಶ್ಚಿಂತೆ.

ಇನ್ನೊಂದು, ಚಿಕ್ಕಮ್ಮನೂ ಜೊತೆಗೆ ಬರಬಹುದು ಅಂದಿದ್ದೆ. ಹಾಗಿದ್ರೆ 'ಕಪಲ್ಸ್ ಓನ್ಲಿ' ಅಂತ ಇರೋದನ್ನ ಮುಟ್ಲೇಬೇಡಿ. ಇದು ಜಮೈಕಾ ಕಡೆ ಜಾಸ್ತಿ. 1981ರಲ್ಲಿ ಮಾಂಟೆಗೊ ಬೇ ಊರಲ್ಲಿ ಶುರುವಾದ ಸ್ಯಾಂಡಲ್ಸ್ ಅನ್ನೋ ರೆಸಾರ್ಟ್ ಕಂಪನಿ ಹೆಸರು ಮಾಡಿದ್ದೇ ಜೋಡಿಗಳಿಗೆ ಮಾತ್ರ ಅಂತ. ಅಂಥ ಕಡೆ ಒಂಟಿಯಾಗಿ ಬಂದ ಚಿಕ್ಕಮ್ಮನ್ನ ಎಲ್ಲಿ ಕೂರಿಸ್ತೀರಿ? ಮೆಕ್ಸಿಕೊದ ಅಡಲ್ಟ್ಸ್ ಓನ್ಲಿ ಜಾಗಗಳಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ಈಗ ದುಡ್ಡು. ಭಾವಂಗೆ ಆಲ್ ಇನ್‌ಕ್ಲೂಸಿವ್ ಅಂದ್ರೆ ಏನಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಕಬಿನೀಲಿ ಜಂಗಲ್ ಲಾಡ್ಜಸ್‌ಗೆ ಹೋದಾಗ ರೂಮು, ಮೂರು ಹೊತ್ತಿನ ಊಟ, ಸಫಾರಿ ಎಲ್ಲ ಸೇರಿಸಿ ಒಂದೇ ದುಡ್ಡು ಕಟ್ಟಿದ್ರಲ್ಲ, ಅದೇ ಲೆಕ್ಕ. ಇಲ್ಲಿ ಅದಕ್ಕೆ ಮದ್ಯಾನೂ ಸೇರತ್ತೆ. ಈ ಪದ್ಧತಿ ಹೊಸದೇನಲ್ಲ, 1950ರಲ್ಲಿ ಕ್ಲಬ್ ಮೆಡ್ ಅನ್ನೋ ಪ್ರವಾಸಿ ಸಂಸ್ಥೆಯೋರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಶುರು ಮಾಡಿದ್ದು. ಆಗ ಕುಡಿಯೋದಕ್ಕೆ ಮಾತ್ರ ಬೇರೆ ಲೆಕ್ಕ, ಆಮೇಲಾಮೇಲೆ ಈಜುಡುಗೆಯಲ್ಲಿ ಪರ್ಸ್ ಎಲ್ಲಿಡೋದು ಅಂತ ಕೊರಳಿಗೆ ಮಣಿಸರ ಕೊಟ್ಟಿದ್ರಂತೆ, ಒಂದೊಂದೇ ಮಣಿ ಕಿತ್ತು ಬಾರಲ್ಲಿ ಕೊಡೋದು. ಈಗ ಕೈಗೆ ಒಂದು ಪಟ್ಟಿ ಕಟ್ತಾರೆ, ಮುಗೀತು.

ಕ್ಯಾನ್‌ಕೂನ್ ಕಡೆ ಒಳ್ಳೇ ಜಾಗಕ್ಕೆ ಇಬ್ಬರಿಗೆ ಒಂದು ರಾತ್ರಿಗೆ 300ರಿಂದ 600 ಡಾಲರ್ ಆಗತ್ತೆ, ಅದಕ್ಕೂ ಮೇಲಿರೋವೂ ಬೇಕಾದಷ್ಟಿವೆ. ಕೆಲವು ವೆಬ್‌ಸೈಟ್‌ಗಳು ತಲೆಗೆ ಇಷ್ಟು ಅಂತ ತೋರಿಸ್ತಾವೆ, ಕೆಲವು ರೂಮಿಗೆ ಇಷ್ಟು ಅಂತ, ಅದನ್ನ ನೋಡ್ಕೋಬೇಕು. ನಿಜ, ಆ ದುಡ್ಡಲ್ಲಿ ಒಂದು ಪಾಲು ಬೇರೆಯವರು ಕುಡಿಯೋ ಟಕೀಲಾಗೆ ಹೋಗತ್ತೆ. ಕುಡಿಯದೇ ಇರೋರು ತಿಂದು ವಸೂಲಿ ಮಾಡ್ತೀವಿ ಅಂತ ಹೊರಟ್ರೆ ಹೊಟ್ಟೆ ಕೆಡತ್ತೆ, ವಸೂಲಿ ಆಗಲ್ಲ. ಈ ಮಾತನ್ನ ಭಾವಂಗೆ ಒತ್ತಿ ಹೇಳು.

ಆದ್ರೂ ನಿಮಗೆ ಇದು ದಂಡ ಅಲ್ಲ ಅಂತ ನಾನ್ಯಾಕೆ ಹೇಳ್ತೀನಿ ಗೊತ್ತಾ? ಹೋದ್ಸಲ ನೀವು ಇಲ್ಲಿಗೆ ಬಂದಿದ್ದಾಗ ಹೋಟೆಲಿಗೆ ಕರ್ಕೊಂಡು ಹೋದ್ರೆ ನೀನು ಮೆನುನಲ್ಲಿ ತಿಂಡಿ ಹೆಸರು ಓದ್ತಿರ್ಲಿಲ್ಲ, ಬಲಗಡೆ ರೇಟು ಓದ್ತಿದ್ದೆ. ಅದನ್ನ ಮನಸ್ಸಲ್ಲೇ ರೂಪಾಯಿ ಮಾಡಿ, ಮೈಸೂರಲ್ಲಿ ಈ ದುಡ್ಡಿಗೆ ಒಂದು ವಾರದ ತರಕಾರಿ ಬರತ್ತೆ ಅಂದ್ಕೊಂಡು, 'ನಂಗೆ ಹಸಿವಿಲ್ಲ, ಒಂದು ಸೂಪ್ ಸಾಕು' ಅಂತಿದ್ದೆ. ನಮ್ಮತ್ತೇನೂ ಥೇಟ್ ಹಾಗೇ. ಅಲ್ಲಿ ಮೆನು ಕೊಟ್ರೆ ರೇಟೇ ಇರಲ್ಲ ಅಕ್ಕಾ. ಮೊದಲ ದಿನ ಅತ್ತೆ ಆ ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ್ರು. ಮಾರನೇ ದಿನದಿಂದ 'ಇದೇನು, ಅದೇನು, ಸ್ವಲ್ಪ ತರ್ಸು ನೋಡಣ, ಸೇರ್ದಿದ್ರೆ ಬಿಟ್ರಾಯ್ತು' ಅನ್ನೋಕೆ ಶುರು ಮಾಡಿದ್ರು. ಅಷ್ಟು ವರ್ಷದಲ್ಲಿ ಅವರು ಹೊರಗೆ ಕೂತು ಇಷ್ಟಪಟ್ಟು ಆರ್ಡರ್ ಮಾಡಿದ್ದನ್ನ ನಾನು ನೋಡಿದ್ದೇ ಅಲ್ಲಿ. ಮಕ್ಕಳು ಕಾರ್ಡ್ ತೆಗೆಯೋದನ್ನ ನೋಡ್ತಾ ಸಂಕಟ ಪಡೋದು ತಪ್ಪತ್ತೆ. ಪುಟ್ಟು ಮೊದಲೇ ಕಟ್ಟಿರ್ತಾನೆ, ನೀನು ಸೂಪಲ್ಲೇ ನಿಲ್ಸಿದ್ರೆ ಅವನಿಗೆ ಒಂದು ಡಾಲರೂ ಉಳಿಯಲ್ಲ.

ಒಂದ್ನಿಮಿಷ... ಕುಕ್ಕರ್ ಕೂಗ್ತು. ಹಾಂ, ಬಂದೆ.

ಊಟದ್ದು ಹೇಳ್ತೀನಿ ಕೇಳು, ನಿನ್ನ ನಿಜವಾದ ಚಿಂತೆ ಅದೇ ಅಂತ ಗೊತ್ತು. ಬೆಳಗ್ಗೆ ಬಫೆ. ಪಪಾಯ, ಅನಾನಸ್, ಕಲ್ಲಂಗಡಿ ಧಾರಾಳ. ಕಣ್ಮುಂದೇನೇ ಮೆಕ್ಕೆಜೋಳದ ಹಿಟ್ಟು ತಟ್ಟಿ ಟೋರ್ಟಿಯಾ ಸುಟ್ಟು ಕೊಡ್ತಾರೆ, ಬಿಸಿಬಿಸಿಯಾಗಿ ನಮ್ಮ ಎಳೇ ರೊಟ್ಟಿ ಇದ್ದಂಗಿರತ್ತೆ. ಬೆಣ್ಣೆಹಣ್ಣು ಅರೆದು ಮಾಡೋ ಗ್ವಾಕಮೋಲೆ, ಟೊಮ್ಯಾಟೊ ಈರುಳ್ಳಿ ಕೊತ್ತಂಬರಿ ಹೆಚ್ಚಿ ನಿಂಬೆ ಹಿಂಡಿರೋ ಪೀಕೊ ದೆ ಗಾಯೊ, ಪಾಪಸುಕಳ್ಳಿ ಎಲೆ ಮುಳ್ಳು ತೆಗೆದು ಬಾಡಿಸಿದ ನೊಪಾಲೆಸ್ ಪಲ್ಯ, ಇವೆಲ್ಲ ಕಣ್ಮುಚ್ಚಿ ತಿನ್ನಬಹುದು. ಮೋಸ ಹೋಗೋದು ಅನ್ನ ಮತ್ತು ಬೀನ್ಸ್ ಕಾಳಲ್ಲಿ. ನೋಡೋಕೆ ಅಪ್ಪಟ ಸಸ್ಯಾಹಾರ, ಆದ್ರೆ ಅನ್ನವನ್ನ ಎಷ್ಟೋ ಸಲ ಕೋಳಿ ಸಾರಲ್ಲಿ ಬೇಯಿಸಿರ್ತಾರೆ, ಅರೆದ ಬೀನ್ಸನ್ನ ಹಂದಿ ಕೊಬ್ಬಲ್ಲಿ ಹುರಿದಿರ್ತಾರೆ. ಆ ಕೊಬ್ಬಿಗೆ 'ಮಾಂತೆಕಾ' ಅಂತಾರೆ, ಸಾರಿಗೆ 'ಕಾಲ್ದೊ ದೆ ಪೋಯೊ' ಅಂತಾರೆ. 'ವೆಜಿಟೇರಿಯನ್' ಅಂದ್ರೆ ತಲೆ ಆಡಿಸಿ ಮೀನು ತರೋರೂ ಉಂಟು. ಅದಕ್ಕೇ ಬಿಡಿಬಿಡಿಯಾಗಿ ಹೇಳ್ಬೇಕು, 'ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ'. ಮಾಂಸ, ಕೋಳಿ, ಮೀನು, ಕೊಬ್ಬು ಯಾವುದೂ ಬೇಡ ಅಂತ. ಮೊಟ್ಟೆನೂ ಬೇಡ ಅಂದ್ರೆ 'ಸಿನ್ ವೇವೊ'. ಭಾವ ಇದನ್ನ ಎರಡು ದಿನದಲ್ಲಿ ಶ್ಲೋಕ ಥರ ಬಾಯಿಪಾಠ ಮಾಡ್ತಾರೆ ನೋಡು.

ರಾತ್ರಿಗೆ ಬೇರೆ ಬೇರೆ ರೆಸ್ಟೋರೆಂಟ್ ಇರ್ತಾವೆ, ಇಟಾಲಿಯನ್, ಜಪಾನೀಸ್ ಅಂತ. ಜಪಾನೀಸಲ್ಲಿ ಕಾವಲಿ ಮುಂದೆ ಕೂರ್ಸಿ ಸಾಹಸ ಮಾಡ್ತಾ ಅಡಿಗೆ ಮಾಡ್ತಾರಲ್ಲ, ಅದು ನಿನಗೆ ಬೇಡ. ಒಂದೇ ಕಾವಲಿ ಮೇಲೆ ಸಿಗಡಿ ಪಕ್ಕದಲ್ಲೇ ನಿನ್ನ ಅಣಬೆ ಹುರೀತಾರೆ. ಬೇರೆ ಬಾಣಲೇಲಿ ಮಾಡಿ ಅಂದ್ರೆ ಒಳಗಿಂದ ಮಾಡಿ ತಂದ್ಕೊಡ್ತಾರೆ, ಮುಖ ಸಿಂಡರಿಸಲ್ಲ. ಭಾರತದ ಊಟ ಇರೋ ರೆಸಾರ್ಟುಗಳೂ ಇವೆ. ಅಮೆರಿಕದಲ್ಲಿರೋ ನಮ್ಮ ದೇಶದೋರ ಮದುವೆಗಳು ಆ ಕಡಲ ತೀರದಲ್ಲಿ ಎಷ್ಟು ನಡೀತಾವೆ ಅಂದ್ರೆ, ದೊಡ್ಡ ದೊಡ್ಡ ಜಾಗಗಳಲ್ಲಿ ಅಡಿಗೆಯವರಿಗೆ ಜೈನ ಊಟ ಅಂದ್ರೇನು ಅನ್ನೋದೂ ಗೊತ್ತಿರತ್ತೆ. ಬುಕ್ ಮಾಡೋಕೆ ಮುಂಚೆ ಪುಟ್ಟು ಒಂದು ಮೇಲ್ ಹಾಕಿ ಕೇಳ್ಲಿ. ರಾತ್ರಿ ಊಟಕ್ಕೆ ಗಂಡಸರು ಪ್ಯಾಂಟು, ಮುಚ್ಚಿರೋ ಶೂ ಹಾಕ್ಕೊಂಡೇ ಬರ್ಬೇಕು ಅಂತ ಹಲವು ಕಡೆ ನಿಯಮ ಇದೆ, ಭಾವನ ಬಾಟಾ ಚಪ್ಪಲಿ ನಡಿಯಲ್ಲ.

ಚಟ್ನಿಪುಡಿ ಹೊತ್ಕೊಂಡು ಹೋಗೋದು ಬೇಡ. ಹಬನೇರೊ ಮೆಣಸಿನಕಾಯಿ ಸಾಲ್ಸಾ ಕೇಳಿದ್ರೆ ಪುಟ್ಟ ಬಟ್ಟಲಲ್ಲಿ ತಂದಿಡ್ತಾರೆ, ಗುಂಟೂರು ಮೆಣಸಿನಕಾಯಿ ಅದರ ಮುಂದೆ ಏನೂ ಅಲ್ಲ. ಫಿಲ್ಟರ್ ಕಾಫಿ ಸಿಗಲ್ಲ, ಆದ್ರೆ ಎಸ್‌ಪ್ರೆಸೊ ಜೊತೆ 'ಲೆಚೆ ಕಲಿಯೆಂತೆ' ಅಂದ್ರೆ ಕಾದ ಹಾಲು ತರ್ತಾರೆ, ನೀನೇ ಬೆರೆಸ್ಕೊ. ಕುಡಿಯೋಕೆ 'ಆಗ್ವಾ ದೆ ಹಮೈಕಾ' ಕೇಳು, ನಮ್ಮ ಪುಂಡಿ ಸೊಪ್ಪಿನ ಜಾತಿಯ ಗಿಡದ ಹೂವಿನ ಬುಡದ ಕೆಂಪು ಎಸಳು ನೆನೆಸಿ ಮಾಡೋ ಹುಳಿಸಿಹಿ ಪಾನಕ. ಓರ್ಚಾತಾ ಅಂತ ಇನ್ನೊಂದು, ಅಕ್ಕಿ ನೆನೆಸಿ ಅರೆದು ಚಕ್ಕೆ ಹಾಕಿದ್ದು. ಬಣ್ಣಬಣ್ಣದ್ದು ಏನೇ ತಗೊಂಡ್ರೂ 'ಸಿನ್ ಆಲ್ಕೋಲ್' ಅಂತ ಹೇಳೋದು ಮರೀಬೇಡ. ನಲ್ಲಿ ನೀರು ಮಾತ್ರ ಬೇಡ, ರೂಮಲ್ಲೇ ಬಾಟಲಿ ಇಟ್ಟಿರ್ತಾರೆ.

ದಿನಾಂಕದ್ದು. ಅಕ್ಟೋಬರಲ್ಲಿ ಅಗ್ಗ ಇದೆ ಅಂತ ಪುಟ್ಟು ಅಂದ. ಯಾಕೆ ಅಗ್ಗ ಅಂದ್ರೆ ಅದು ಚಂಡಮಾರುತದ ಕಾಲ, ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗೆ. 2005ರಲ್ಲಿ ವಿಲ್ಮಾ ಅನ್ನೋ ಚಂಡಮಾರುತ ಬಂದು ಕ್ಯಾನ್‌ಕೂನ್ ತೀರದ ಮರಳನ್ನೇ ಕೊಚ್ಕೊಂಡು ಹೋಗಿದ್ದು ಅಕ್ಟೋಬರಲ್ಲೇ. ಪ್ರತಿ ವರ್ಷ ಹಾಗಾಗಲ್ಲ, ಆದ್ರೆ ನಿಮ್ಮ ವಯಸ್ಸಲ್ಲಿ ಆ ಜೂಜು ಯಾಕೆ? ಬೇಸಿಗೆಯ ಫೋಟೋ ನೋಡಿ ಮರುಳಾಗೋದೂ ಬೇಡ, ಏಪ್ರಿಲಿಂದ ಆಗಸ್ಟ್‌ವರೆಗೆ ಸರ್ಗಾಸಮ್ ಅನ್ನೋ ಕಂದು ಕಡಲಪಾಚಿ ರಾಶಿ ರಾಶಿ ಬಂದು ಬೀಳತ್ತೆ. ಕೆರಿಬಿಯನ್ ಕಡಲಲ್ಲಿ 2011ರಿಂದ ಈಚೆಗೆ ಇದರ ಕಾಟ ಜಾಸ್ತಿ. ಕೊಳೆತ್ರೆ ಕೆಟ್ಟ ಮೊಟ್ಟೆ ವಾಸನೆ. ಉತ್ತರಕ್ಕೆ ಪ್ಲಾಯಾ ಮುಹೇರೆಸ್ ಕಡೆ ಎದುರಿಗೆ ಇಸ್ಲಾ ಮುಹೇರೆಸ್ ದ್ವೀಪ ಅಡ್ಡ ಇರೋದ್ರಿಂದ ಕಮ್ಮಿ, ದಕ್ಷಿಣದ ರಿವಿಯೆರಾ ಮಾಯಾ ತೀರಕ್ಕೆ ಜಾಸ್ತಿ. ನೀವು ಡಿಸೆಂಬರ್ ಮೊದಲ ಎರಡು ವಾರದಲ್ಲಿ ಹೋಗಿ. ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಜಾತ್ರೆ ಮುಗಿದಿರತ್ತೆ, ಕ್ರಿಸ್‌ಮಸ್ ರೇಟು ಏರಿರಲ್ಲ. ಮಾರ್ಚ್ ಅಂತೂ ಬೇಡವೇ ಬೇಡ. ಹದಿನೆಂಟು ತುಂಬಿದೋರೆಲ್ಲ ಅಡಲ್ಟ್ಸೇ ಅಲ್ವಾ, ಕಾಲೇಜು ಹುಡುಗರು ಸ್ಪ್ರಿಂಗ್ ಬ್ರೇಕ್ ರಜೆ ಅಂತ ಬಂದು ಬೆಳಗ್ಗೆ ಹತ್ತಕ್ಕೇ ಕೊಳದಲ್ಲಿ ಕುಡಿದು ಕುಣೀತಾರೆ. ಅವರಿಗಿಂತ ಐದು ವರ್ಷದ ಮಕ್ಕಳೇ ವಾಸಿ.

ವೀಸಾ ಬೇರೆ ಬೇಡ. ನಿಮ್ಮಿಬ್ಬರ ಅಮೆರಿಕ ವೀಸಾ ಚಾಲ್ತೀಲಿದೆ, ಮಲ್ಟಿಪಲ್ ಎಂಟ್ರಿ ಇದೆ, ಅದರ ಮೇಲೇ ಮೆಕ್ಸಿಕೊ ಒಳಗೆ ಬಿಡ್ತಾರೆ.

ಭಾವಂಗೆ ಒಂದು ಎಚ್ಚರಿಕೆ ಕೊಡ್ಬೇಕು. ಕ್ಯಾನ್‌ಕೂನ್ ಏರ್‌ಪೋರ್ಟಲ್ಲಿ ಕಸ್ಟಮ್ಸ್ ದಾಟಿದ ಕೂಡ್ಲೇ ಒಂದು ಹಾಲು, ಅಲ್ಲಿ ಯೂನಿಫಾರ್ಮ್ ಹಾಕ್ಕೊಂಡಿರೋರು 'ಟ್ಯಾಕ್ಸಿ ಬೇಕಾ, ಯಾವ ಹೋಟೆಲ್' ಅಂತ ಪ್ರೀತಿಯಿಂದ ಕರೀತಾರೆ. ಅಲ್ಲಿ ಬಹಳ ಜನ ಟೈಮ್‌ಶೇರ್, ಅಂದ್ರೆ ವರ್ಷಕ್ಕೆ ಕೆಲವು ದಿನ ರೆಸಾರ್ಟ್ ರೂಮು ಬಳಸೋ ಹಕ್ಕು ಮಾರೋರು. ನಿಲ್ಲದೆ ಹೊರಗೆ ಬಂದ್ರೆ ನಿಮ್ಮ ಹೆಸರಿನ ಬೋರ್ಡ್ ಹಿಡಿದ ಡ್ರೈವರ್ ಇರ್ತಾನೆ. ರೆಸಾರ್ಟ್ ಒಳಗೂ 'ಉಚಿತ ಬ್ರೇಕ್‌ಫಾಸ್ಟ್, ತೊಂಬತ್ತೇ ನಿಮಿಷ' ಅಂತ ಕರೆದು ಇಡೀ ಬೆಳಗ್ಗೆ ಕೂರಿಸ್ತಾರೆ. ಭಾವಂಗೆ ವಾದ ಅಂದ್ರೆ ಇಷ್ಟ, ಅವರಿಗೆ ವಾದ ಮಾಡೋರಂದ್ರೆ ಇನ್ನೂ ಇಷ್ಟ. 'ನೋ ಗ್ರಾಸಿಯಾಸ್' ಅಂದು ನಡೀತಾ ಇರ್ಲಿ. ಸ್ಪಾ, ಹೊರಗಿನ ಟೂರು, ಬೀಚ್ ಮೇಲೆ ಮೇಣದಬತ್ತಿ ಹಚ್ಚಿ ಕೊಡೋ ವಿಶೇಷ ಊಟ ಇವೆಲ್ಲ ಪ್ಯಾಕೇಜಿಗೆ ಸೇರಲ್ಲ. ಊರಿನ ಪರಿಸರ ತೆರಿಗೆ ಅಂತ ರೂಮಿಗೆ ಒಂದಿಷ್ಟು ಅಲ್ಲೇ ಕಟ್ಟಿಸ್ಕೋತಾರೆ. ಟಿಪ್ಸ್ ಸೇರಿದೆ ಅಂತ ಬರ್ದಿದ್ರೂ ಒಂದೊಂದು ಡಾಲರಿನ ನೋಟು ಇಟ್ಕೊಂಡಿರು, ರೂಮು ಗುಡಿಸೋ ಹೆಂಗಸಿಗಂತೂ ದಿನಾ ಕೊಡು. ಅವರಲ್ಲಿ ಮನೇಲಿ ಆ ಕಡೆಯ ಮೂಲನಿವಾಸಿಗಳ ಮಾಯಾ ಭಾಷೆ ಆಡೋರಿರ್ತಾರೆ, ಕೇಳಿದ್ರೆ ಖುಷಿಯಿಂದ ಒಂದೆರಡು ಮಾತು ಹೇಳ್ಕೊಡ್ತಾರೆ.

ನನಗೆ ಆ ಜಾಗದ ಬಗ್ಗೆ ಒಂದು ತಕರಾರಿದೆ. ಗೇಟಿನೊಳಗೆ ಮೆಕ್ಸಿಕೊ ಅನ್ನೋದು ಅಷ್ಟಾಗಿ ಇಲ್ಲ. ಕ್ಯಾನ್‌ಕೂನೇ ಸರ್ಕಾರ ಪ್ರವಾಸಿಗರಿಗೆ ಅಂತ 1970ರ ದಶಕದಲ್ಲಿ ಕಟ್ಟಿಸಿದ ಊರು, ಅದಕ್ಕೆ ಮುಂಚೆ ಅಲ್ಲಿ ಬರೀ ಮರಳು ದಿಬ್ಬ. ಎರಡನೇ ಮಧ್ಯಾಹ್ನಕ್ಕೆ ಭಾವಂಗೆ ಬೇಜಾರು ಬರತ್ತೆ, ನ್ಯೂಸ್ ಪೇಪರ್ ಎಲ್ಲಿ ಅಂತಾರೆ. ಅದಕ್ಕೇ ನಾಲ್ಕು ರಾತ್ರಿ ಸಾಕು, ಮಧ್ಯೆ ಒಂದು ದಿನ ಮಾಯಾ ಜನರ ಹಳೇ ಊರು ಚಿಚೆನ್ ಇಟ್ಸಾಗೆ ಹೋಗಿ ಬನ್ನಿ. ಹತ್ತಿರ ಹತ್ತಿರ 200 ಕಿಲೋಮೀಟರ್, ಎರಡೂವರೆ ಗಂಟೆ ದಾರಿ, ಬಿಸಿಲೇರೋಕೆ ಮುಂಚೆ ತಲುಪಬೇಕು. ಅಲ್ಲಿನ ಪಿರಮಿಡ್ಡಿಗೆ ನಾಲ್ಕು ಕಡೆನೂ ತಲಾ 91 ಮೆಟ್ಟಿಲು, ಮೇಲೊಂದು ಸೇರಿ 365, ವರ್ಷದ ಲೆಕ್ಕ. ಪಂಚಾಂಗ ನೋಡೋ ಭಾವಂಗೆ ಬಿಟ್ಟು ಬರೋಕೆ ಮನಸ್ಸಾಗಲ್ಲ. ನಿನ್ನ ಮಂಡಿನೋವಿಗೂ ಚಿಂತೆ ಇಲ್ಲ, 2006ರಿಂದ ಯಾರನ್ನೂ ಹತ್ತೋಕೆ ಬಿಡಲ್ಲ. ಬರೋ ದಾರೀಲಿ ಸೆನೋಟೆ ಅಂತ ಸುಣ್ಣಕಲ್ಲು ಕುಸಿದು ಆಗಿರೋ ನೀರಿನ ಗುಂಡಿ ನಿಲ್ಸಿ ತೋರಿಸ್ತಾರೆ, ಲೈಫ್ ಜಾಕೆಟ್ ಕೊಡ್ತಾರೆ, ಇಳಿಯೋಕೆ ಮುಂಚೆ ಸನ್‌ಸ್ಕ್ರೀನ್ ತೊಳ್ಕೋಬೇಕು. ಚಿಕ್ಕಮ್ಮ ಇಳೀತಾರೆ, ನಂಗೊತ್ತು, ನೀನು ಚೀಲ ಕಾಯ್ತಾ ಕೂರ್ಬೇಡ.

ಹಾಂ ಮತ್ತೆ, ಮೂರನೇಯವರಿಗೆ ಅದೇ ರೂಮಲ್ಲಿ ಹಾಸಿಗೆ ಕೇಳಿದ್ರೆ ರೇಟ್ ಒಂದು, ಬೇರೆ ರೂಮು ಅಂದ್ರೆ ಒಂಟಿಯವರ ರೇಟ್ ಬೇರೆ, ಅದು ದುಬಾರಿ. ಚಿಕ್ಕಮ್ಮ ಬರೋದು ಖಾತ್ರೀನಾ ಅಂತ ಇವತ್ತೇ ಕೇಳಿ ಪುಟ್ಟುಗೆ ಹೇಳು. ಅವನು ದುಡ್ಡು ಕಟ್ಟೋಕೆ ಮುಂಚೆ ಲಿಂಕ್ ನಂಗೆ ಕಳಿಸ್ಲಿ, ಬೀಚ್ ಯಾವ ಕಡೆ, ಅಡಿಗೆ ಏನು ಅಂತ ನಾನು ನೋಡಿ ಹೇಳ್ತೀನಿ. ಗ್ರೂಪಲ್ಲಿ ಹಾಕ್ಬೇಡ ಅನ್ನು, ಭಾವ ಮತ್ತೆ ಇಮೋಜಿ ಹಾಕ್ತಾರೆ.