ಅಪ್‌ಡೇಟ್: ಜರ್ಮನಿಯಲ್ಲಿ ಕೈಖರ್ಚು ಕೊನೆಗೂ ಹಿಡಿತಕ್ಕೆ ಬಂತು

ಹೋದ ತಿಂಗಳು ಕೇಳಿದ್ದೆನಲ್ಲ: ವಯಸ್ಸು 18, ಪಿಯುಸಿ ಮುಗಿಸಿ ಜರ್ಮನಿಗೆ ಬಂದಿದ್ದೇನೆ, ಬ್ಲಾಕ್ಡ್ ಅಕೌಂಟಿನಿಂದ (ವೀಸಾಕ್ಕೆ ಅಂತ ಮೊದಲೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ತಿಂಗಳಿಗೆ ಬರುವ 992 ಯೂರೋ 20ನೇ ತಾರೀಕಿಗೇ ಖಾಲಿ, ಏನು ಮಾಡಲಿ ಅಂತ.

ಕೆಲಸಕ್ಕೆ ಬಂದಿದ್ದು ಒಬ್ಬರು ಅಕ್ಕ ಹೇಳಿದ ಉಪಾಯ. ಬಾಡಿಗೆ, ಆರೋಗ್ಯ ವಿಮೆ ಕಟ್ಟಿ ಉಳಿದದ್ದನ್ನು ಬೇರೆ ಖಾತೆಯಲ್ಲಿಟ್ಟೆ. ಪ್ರತಿ ಸೋಮವಾರ 70 ಯೂರೋ ಮಾತ್ರ ಕಾರ್ಡಿಗೆ ಬರುವ ಹಾಗೆ ಮಾಡಿದೆ. ಶುಕ್ರವಾರ ಕಾರ್ಡಿನಲ್ಲಿ 9 ಯೂರೋ ಕಂಡರೆ ಕೈ ತಾನಾಗಿಯೇ ಹಿಂದೆ ಸರಿಯುತ್ತೆ.

ಖರ್ಚು ಬರೆಯುವ ಆ್ಯಪ್ ನನಗೆ ಆಗಲಿಲ್ಲ, ನಾಲ್ಕೇ ದಿನ ಬರೆದೆ. ಎಲ್ಲ ಬೆಲೆಯನ್ನೂ ರೂಪಾಯಿಗೆ ಗುಣಿಸಿ ನೋಡು ಅಂತ ಇನ್ನು ಕೆಲವರು ಅಂದಿದ್ದರು. ಅದರಿಂದ ಭಯ ಜಾಸ್ತಿಯಾಗಿ ಎರಡು ದಿನ ಸರಿಯಾಗಿ ಊಟವೇ ಮಾಡಲಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಗೊತ್ತೇ ಇರದ ವಿಷಯ ಒಂದಿತ್ತು: ರೇಡಿಯೋ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ತಲೆಗಲ್ಲ, ಮನೆಗೆ! ನಾವು ನಾಲ್ವರು ಹಂಚಿಕೊಂಡು ತಲಾ 4.59 ಕೊಡುತ್ತೇವೆ.

ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ 26 ಪ್ಲಾಸ್ಟಿಕ್ ಬಾಟಲಿಗಳನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದೆ. ಕೊಳ್ಳುವಾಗ ಬಾಟಲಿಗೆ ಕಟ್ಟಿದ್ದ ಠೇವಣಿ ಹೀಗೆ ವಾಪಸ್ ಸಿಗುತ್ತೆ: ಒಂದಕ್ಕೆ 25 ಸೆಂಟ್, ಒಟ್ಟು 6.50 ಯೂರೋ ಚೀಟಿ ಬಂತು. ಅದನ್ನೇ ಕೊಟ್ಟು ಅಕ್ಕಿ, ಬೇಳೆ, ಟೊಮೆಟೊ ತಂದೆ.

ಇವತ್ತು 30ನೇ ತಾರೀಕು. ಇನ್ನೂ 38 ಯೂರೋ ಉಳಿದಿದೆ. ಮೊದಲು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.