ಉಬುಂಟು ತೆಗೆದಾಯ್ತು, ಬೂಟ್ ಮೆನುವಿನಿಂದ ಮಾತ್ರ ಹೋಗ್ತಿಲ್ಲ

ಪ್ರಶ್ನೆ: ಸರ್, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಉಬುಂಟು ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಂ (ಓಎಸ್) ಇತ್ತು. ಬಳಸ್ತಾ ಇರಲಿಲ್ಲ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅದರ ಪಾರ್ಟಿಷನ್ ಡಿಲೀಟ್ ಮಾಡಿದೆ. ಅವತ್ತಿಂದ ಆನ್ ಮಾಡಿದಾಗಲೆಲ್ಲ ಕಪ್ಪು ಸ್ಕ್ರೀನ್, ಅದರಲ್ಲಿ ಗ್ರಬ್ ಅಂತ ಒಂದೇ ಪದ, ಪಕ್ಕದಲ್ಲಿ ಮಿನುಗೋ ಕರ್ಸರ್. ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ವಿಂಡೋಸ್ ಬರುತ್ತೆ. ಪಾರ್ಟಿಷನ್ನೇ ಇಲ್ಲ ಅಂದಮೇಲೆ ಇದು ಎಲ್ಲಿಂದ ಬರ್ತಿದೆ? ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ: ಖಂಡಿತ ಬೇಡ. ಎಕ್ಸಿಟ್ ಕೊಟ್ಟರೆ ವಿಂಡೋಸ್ ಬರ್ತಿದೆಯಲ್ಲ, ಅದರ ಬೂಟ್ ಮ್ಯಾನೇಜರ್ ನೆಟ್ಟಗಿದೆ ಅಂತಲೇ ಅರ್ಥ.

ಗ್ರಬ್ ಅಂದರೆ ಉಬುಂಟುವನ್ನ ಎಬ್ಬಿಸೋ ಬೂಟ್ ಪ್ರೋಗ್ರಾಂ. ಉಬುಂಟು ತನ್ನ ಪಾರ್ಟಿಷನ್ ಬಿಟ್ಟು ಇನ್ನೂ ಎರಡು ಕಡೆ ಕೂತಿರುತ್ತೆ. ಒಂದು, ಡಿಸ್ಕ್ ಶುರುವಿನಲ್ಲಿ ಸಾಮಾನ್ಯವಾಗಿ ಇರೋ ಇಎಫ್ಐ ಅನ್ನೋ ಪುಟ್ಟ ಪಾರ್ಟಿಷನ್. ವಿಂಡೋಸ್ ಹಾಕುವಾಗ ಹೆಚ್ಚಾಗಿ 100 ಎಂಬಿ ಸುಮಾರಿಗೆ ಅದೇ ಮಾಡಿಕೊಂಡಿರುತ್ತೆ, ಎರಡು ಓಎಸ್‌ಗಳೂ ಅದನ್ನ ಹಂಚಿಕೊಳ್ಳುತ್ತವೆ. ಇನ್ನೊಂದು, ಮದರ್‌ಬೋರ್ಡ್ ಮೇಲಿನ ಮೆಮೊರಿ. ಯಾರನ್ನ ಮೊದಲು ಎಬ್ಬಿಸಬೇಕು ಅನ್ನೋ ಪಟ್ಟಿ ಅಲ್ಲಿದೆ, ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಅದು ಅಳಿಸಲ್ಲ. ಎರಡೂ ಕಡೆ ತೆಗೀಬೇಕು.

ಶುರು ಮಾಡೋ ಮುಂಚೆ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕೋ ಬೀಗ, ನೋಡಿಕೊಳ್ಳಿ. ಆನ್ ಇದ್ದರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದರೆ ಅದು ಕೀ ಕೇಳಬಹುದು, ಆಗ ಹುಡುಕ್ತಾ ಕೂರೋದು ಬೇಡ.

ಈಗ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪವರ್‌ಶೆಲ್ ಬೇಡ, ಮುಂದೆ ಪೇಸ್ಟ್ ಮಾಡೋ ಸಂಖ್ಯೆಯ ಸುತ್ತ ಇರೋ ಪುಷ್ಪಾವರಣ (ಕರ್ಲಿ ಬ್ರಾಕೆಟ್) ಅದಕ್ಕೆ ಬೇರೆ ಥರ ಅರ್ಥವಾಗುತ್ತೆ. ಫೋನಲ್ಲಿ ಹೇಳಿದ ಹಾಗೆ ಬರೀತೀನಿ: ಬಿ-ಸಿ-ಡಿ ಮತ್ತು ಎಡಿಟ್ ಕೂಡಿಸಿ ಬರೆಯಿರಿ, ಸ್ಪೇಸ್, ಸ್ಲ್ಯಾಶ್ ಇ-ಎನ್-ಯು-ಎಮ್, ಸ್ಪೇಸ್, ಫರ್ಮ್‌ವೇರ್. ಸ್ಲ್ಯಾಶ್ ಅಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರೋದು. ಬಂದ ಪಟ್ಟಿಯಲ್ಲಿ ಡಿಸ್ಕ್ರಿಪ್ಷನ್ ಎದುರು ಉಬುಂಟು ಅಂತ ಇರೋ ತುಣುಕು ಹುಡುಕಿ. ಅದರ ಐಡೆಂಟಿಫೈಯರ್ ಎದುರಿನ ಉದ್ದನೆಯ ಸಂಖ್ಯೆಯನ್ನ ಆವರಣದ ಸಮೇತ ಕಾಪಿ ಮಾಡಿ. ಆಮೇಲೆ ಮತ್ತೆ ಬಿಸಿಡಿಎಡಿಟ್, ಸ್ಪೇಸ್, ಸ್ಲ್ಯಾಶ್ ಡಿಲೀಟ್, ಸ್ಪೇಸ್, ಆ ಸಂಖ್ಯೆ ಪೇಸ್ಟ್. ಕೈಯಿಂದ ಟೈಪ್ ಮಾಡೋಕೆ ಹೋಗಬೇಡಿ, 32 ಅಕ್ಷರದಲ್ಲಿ ಒಂದಾದರೂ ತಪ್ಪುತ್ತೆ.

ಪ್ರಶ್ನೆ: ಮಾಡಿದೆ ಸರ್, ನೇರ ವಿಂಡೋಸ್ ಬಂತು. ಆದರೆ ಇನ್ನೊಂದು ಸಲ ರೀಸ್ಟಾರ್ಟ್ ಮಾಡಿದಾಗ ಉಬುಂಟು ಮತ್ತೆ ಪಟ್ಟಿಯಲ್ಲಿ ಪ್ರತ್ಯಕ್ಷ!

ಉತ್ತರ: ಈಗ ಅಳಿಸಿದ್ದು ಮದರ್‌ಬೋರ್ಡ್ ಪಟ್ಟಿಯಿಂದ ಮಾತ್ರ, ಇಎಫ್ಐ ಪಾರ್ಟಿಷನ್ ಇನ್ನೂ ಬಾಕಿ ಇದೆಯಲ್ಲ. ಅದರೊಳಗಿನ ಉಬುಂಟು ಫೋಲ್ಡರ್‌ನಲ್ಲಿ ತನ್ನ ಹೆಸರು ಬರೆದಿಟ್ಟ ಸಣ್ಣ ಸಿಎಸ್‌ವಿ ಫೈಲ್ ಇರುತ್ತೆ. ಪಕ್ಕದ ಬೂಟ್ ಫೋಲ್ಡರ್‌ನಲ್ಲಿ ಉಬುಂಟು ತಂದಿಟ್ಟ ಫಾಲ್‌ಬ್ಯಾಕ್ ಪ್ರೋಗ್ರಾಂ ಓಡಿದರೆ, ಆ ಫೈಲ್ ಓದಿ ಹೆಸರನ್ನ ಮತ್ತೆ ಪಟ್ಟಿಗೆ ಸೇರಿಸುತ್ತೆ. ಇನ್ನು ಕೆಲವು ಮದರ್‌ಬೋರ್ಡ್‌ಗಳು ತಾವೇ ಹುಡುಕಿ ಸೇರಿಸಿಕೊಳ್ಳುತ್ತವೆ.

ಕಮಾಂಡ್ ಪ್ರಾಂಪ್ಟನ್ನ ಮತ್ತೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೌಂಟ್ ಪದದ ಕೊನೆಗೆ ವಿ-ಓ-ಎಲ್ ಅಂಟಿಸಿ, ಸ್ಪೇಸ್, ಎಸ್ ಕೋಲನ್, ಸ್ಪೇಸ್, ಸ್ಲ್ಯಾಶ್ ಎಸ್. ಈಗ ಆ ಪುಟ್ಟ ಪಾರ್ಟಿಷನ್ ಎಸ್ ಡ್ರೈವ್ ಆಯ್ತು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆಯೋಕೆ ಹೋದರೆ ಅನುಮತಿ ಇಲ್ಲ ಅನ್ನುತ್ತೆ, ಅದೇ ಕಪ್ಪು ಕಿಟಕಿಯಲ್ಲೇ ಮುಂದುವರಿಯಿರಿ. ಎಸ್ ಕೋಲನ್ ಕೊಟ್ಟು ಎಂಟರ್, ಸಿ-ಡಿ ಸ್ಪೇಸ್ ಇ-ಎಫ್-ಐ, ಆಮೇಲೆ ಡಿ-ಐ-ಆರ್. ಬೂಟ್, ಮೈಕ್ರೋಸಾಫ್ಟ್, ಉಬುಂಟು ಫೋಲ್ಡರ್‌ಗಳು ಕಾಣುತ್ತವೆ. ಆರ್-ಡಿ ಸ್ಪೇಸ್ ಸ್ಲ್ಯಾಶ್ ಎಸ್ ಸ್ಪೇಸ್ ಉಬುಂಟು ಅಂತ ಕೊಡಿ. ಖಚಿತವಾ ಅಂತ ಕೇಳಿದಾಗ ಹೆಸರು ಇನ್ನೊಮ್ಮೆ ಓದಿ, ಆಮೇಲೆ ವೈ ಒತ್ತಿ. ಮಿಕ್ಕ ಎರಡು ಫೋಲ್ಡರ್ ಮುಟ್ಟಬೇಡಿ. ಮೈಕ್ರೋಸಾಫ್ಟ್ ಹೋದರೆ ನಿಜವಾಗಲೂ ರಿಪೇರಿ ಡಿಸ್ಕ್ ಹುಡುಕಬೇಕಾಗುತ್ತೆ. ಕೊನೆಗೆ ಮೊದಲ ಕಮಾಂಡನ್ನ ಇನ್ನೊಮ್ಮೆ ಕೊಟ್ಟು ಉಬುಂಟು ನಮೂದನ್ನ ಅಳಿಸಿ. ಅದರ ಸಂಖ್ಯೆ ಈಗ ಬೇರೆ ಇರುತ್ತೆ, ಹಳೇದು ಪೇಸ್ಟ್ ಮಾಡಬೇಡಿ.

ಇನ್ನೊಬ್ಬರ ಪ್ರಶ್ನೆ: ನನಗೆ ಕಪ್ಪು ಅಲ್ಲ ಸರ್, ನೀಲಿ ಸ್ಕ್ರೀನ್. ಎರಡು ವಿಂಡೋಸ್ 10 ತೋರಿಸಿ 30 ಸೆಕೆಂಡ್ ಕಾಯುತ್ತೆ. ಹಳೇದನ್ನ ಎಂದೋ ಫಾರ್ಮ್ಯಾಟ್ ಮಾಡಿದ್ದೀನಿ. ನಾನೂ ಇದನ್ನೇ ಮಾಡ್ಲಾ?

ಉತ್ತರ: ಬೇಡ, ನಿಮ್ಮದು ಸುಲಭ. ನೀಲಿ ಅಂದರೆ ಅದು ವಿಂಡೋಸ್‌ನದೇ ಪಟ್ಟಿ. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಎಂ-ಎಸ್ ಜೊತೆ ಕಾನ್ಫಿಗ್ ಸೇರಿಸಿ ಬರೆದು ಎಂಟರ್ ಒತ್ತಿ, ಬೂಟ್ ಟ್ಯಾಬ್‌ಗೆ ಹೋಗಿ. ಎರಡಕ್ಕೂ ಹೆಸರು ಒಂದೇ, ಹಾಗಾಗಿ ಹೆಸರು ನೋಡಬೇಡಿ, ಸಾಲಿನಲ್ಲಿ ಕಂಸದ ನಂತರ ಕರೆಂಟ್ ಓಎಸ್ ಅಂತ ಯಾವುದಕ್ಕಿದೆ ನೋಡಿ. ಅದು ಬಿಟ್ಟು ಇನ್ನೊಂದನ್ನ ಆರಿಸಿ ಡಿಲೀಟ್ ಒತ್ತಿ. ಉಳಿದದ್ದು ಡಿಫಾಲ್ಟ್ ಆಗಿದೆಯಾ ಅಂತ ಖಚಿತ ಮಾಡಿಕೊಂಡು ರೀಸ್ಟಾರ್ಟ್ ಮಾಡಿ.

ಮೊದಲನೆಯವರು: ಫೋಲ್ಡರ್ ತೆಗೆದು, ಪಟ್ಟಿಯಿಂದಲೂ ಅಳಿಸಿದೆ. ನಾಲ್ಕು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಬರಲಿಲ್ಲ. ಥ್ಯಾಂಕ್ಸ್ ಸರ್.

ಉತ್ತರ: ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ರಿಸ್ಯೂಮ್ ಆಗಿದೆಯಾ ಅಂತ ಒಮ್ಮೆ ನೋಡಿಬಿಡಿ.